ಚಿತ್ರ ಕತ್ತರಿಸಿದ್ರಲ್ಲಾ, ಮಗು ಎಲ್ಲಿ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಹಳೇ ಫ್ರೆಂಚ್ ವ್ಯಂಗ್ಯಚಿತ್ರಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿದೆ, ಆದ್ರೆ ಲೂಯಿ ಫಿಲಿಪ್ ದೊರೆ ಮುಖಾನ ಪೇರ್ ಹಣ್ಣು ಮಾಡಿದ್ದನ್ನ ಬರೀ ತಮಾಷೆ ಅನ್ನೋ ಥರ ಮುಗಿಸಿದ್ದೀರಿ. ಪೇರ್ ಅಂದ್ರೆ ಮರಸೇಬು ಸ್ವಾಮಿ, ಮಂಗಳೂರು ಕಡೆಯವರ ಪೇರಳೆ, ಅಂದ್ರೆ ಸೀಬೆ ಅಲ್ಲ, ನಿಮ್ಮ ಲೇಖನದಲ್ಲಿ ಅದೂ ಅದಲು ಬದಲಾಗಿದೆ.

1831ರಲ್ಲಿ ಪತ್ರಿಕೆ ಮಾಲೀಕ ಫಿಲಿಪೋನ್, ಚಿತ್ರದಲ್ಲಿ ದೊರೆಗೆ ಅವಮಾನ ಮಾಡಿದ ಅನ್ನೋ ಕೇಸಲ್ಲಿ, ಕೋರ್ಟಲ್ಲೇ ನಾಲ್ಕು ಚಿತ್ರ ಬರೆದು ತೋರಿಸ್ದ, ಮೊದಲನೇದು ದೊರೆ, ಎರಡು ಮೂರು ಬರ್ತಾ ಬರ್ತಾ ಗಲ್ಲ ಉಬ್ಬಿ ನೆತ್ತಿ ಚೂಪಾಗಿ ನಾಲ್ಕನೇದು ಬರೀ ಹಣ್ಣು, ಇದಕ್ಕೆ ಶಿಕ್ಷೆ ಕೊಡೋದಾದ್ರೆ ಹಣ್ಣಿಗೂ ಕೊಡಿ ಅನ್ನೋದು ಅವನ ವಾದ. ಸಿಕ್ಕಿದ್ದು ಆರು ತಿಂಗಳ ಜೈಲು, ಆದ್ರೆ ಪ್ಯಾರಿಸ್ ಗೋಡೆ ಮೇಲೆಲ್ಲಾ ಹುಡುಗರು ಪೇರ್ ಗೀಚೋಕೆ ಶುರು ಮಾಡಿದ್ರು. ದೊರೆ ಜನರ ದುಡ್ಡು ನುಂಗ್ತಾ ಕೂತಿರೋ ಚಿತ್ರ ಬರೆದ ವ್ಯಂಗ್ಯಚಿತ್ರಕಾರ ದೋಮಿಯೆಗೂ ಆರು ತಿಂಗಳು ಜೈಲಾಯ್ತು.

ನನ್ನ ಸಿಟ್ಟು ಇದಕ್ಕಲ್ಲ. ಅದೇ ದೋಮಿಯೆಯ 'ರ‍್ಯೂ ಟ್ರಾನ್ಸ್‌ನೊನೇನ್' ಚಿತ್ರಾನ ನೀವು ಸ್ಟಾಂಪ್ ಸೈಜಿಗೆ ಇಳಿಸಿ, ಕೆಳಗಡೆನೂ ಕತ್ತರಿಸಿ ಹಾಕಿದ್ದೀರಿ! 1834ರ ಏಪ್ರಿಲಲ್ಲಿ ಪ್ಯಾರಿಸಲ್ಲಿ ದಂಗೆ ನಡೀತಿದ್ದಾಗ ಆ ಹೆಸರಿನ ಬೀದಿಯ ಮನೆಯೊಂದರಿಂದ ಗುಂಡು ಬಂತು ಅಂತ ಸೈನಿಕರು ಒಳಗೆ ನುಗ್ಗಿ ಅಲ್ಲಿದ್ದವರನ್ನ ಕೊಂದ್ರು. ಚಿತ್ರದಲ್ಲಿ ಕಿರೀಟ ಇಲ್ಲ, ಬಾವುಟ ಇಲ್ಲ, ಪೇರ್ ಹಣ್ಣೂ ಇಲ್ಲ, ಒಬ್ಬ ಸೈನಿಕನೂ ಇಲ್ಲ. ರಾತ್ರಿ ಟೋಪಿ ಹಾಕ್ಕೊಂಡಿರೋ ಗಂಡಸು ಅಂಗಿಯಲ್ಲೇ ಮಂಚದ ಪಕ್ಕ ಸತ್ತು ಬಿದ್ದಿದ್ದಾನೆ, ಉರುಳಿರೋ ಕುರ್ಚಿ, ನೆರಳಲ್ಲಿ ಒಬ್ಬ ಹೆಂಗಸು, ಬಲಗಡೆ ಮುದುಕನ ತಲೆ. ಆ ಗಂಡಸಿನ ಮೈಕೆಳಗೆ ಒಂದು ಪುಟ್ಟ ಮಗು, ತಲೆ ತುಂಬಾ ರಕ್ತ. ನಿಮ್ಮ ಪುಟದಲ್ಲಿ ಹುಡುಕಿದ್ರೂ ಆ ಮಗು ಕಾಣಲ್ಲ.

ನಾನು ಆಫ್‌ಸೆಟ್ ಪ್ರೆಸ್ಸಲ್ಲಿ ಇಪ್ಪತ್ತು ವರ್ಷ ದುಡಿದವನು. ದೋಮಿಯೆಯ ಈ ಚಿತ್ರ ಅಚ್ಚಾದ ಲಿಥೋಗ್ರಫಿ, ಅಂದ್ರೆ ಕಲ್ಲಚ್ಚೂ ನಮ್ಮ ಪ್ಲೇಟಿನ ಹಾಗೇನೇ, ಎಣ್ಣೆ ನೀರು ಸೇರಲ್ಲ ಅನ್ನೋದೇ ಗುಟ್ಟು, ಕಲ್ಲಿನ ಮೇಲೆ ಜಿಡ್ಡಿನ ಕಡ್ಡೀಲಿ ಬರೆದು, ಕಲ್ಲು ಒದ್ದೆ ಮಾಡಿ ಇಂಕ್ ಹಚ್ಚಿದ್ರೆ ಗೆರೆ ಮೇಲಷ್ಟೇ ಹತ್ತುತ್ತೆ. ಕಲ್ಲು ಹೋದ್ರೆ ಮತ್ತೆ ಪ್ರಿಂಟ್ ಇಲ್ಲ, ಅದಕ್ಕೇ ಸರ್ಕಾರ ಈ ಚಿತ್ರದ ಕಲ್ಲನ್ನೇ ವಶ ಮಾಡ್ಕೊಳ್ತು. ಮಾರನೇ ವರ್ಷ ಸೆಪ್ಟೆಂಬರಲ್ಲಿ ಕಾನೂನು ತಂದು ಚಿತ್ರ ಪ್ರಕಟಿಸೋಕೆ ಮೊದಲೇ ಪರ್ಮಿಷನ್ ಬೇಕು ಅಂದ್ರು, ಬರಹಕ್ಕೆ ಆ ಷರತ್ತು ಇರಲಿಲ್ಲ ನೋಡಿ.

ಮುಂದಿನ ಭಾನುವಾರ ದಯವಿಟ್ಟು ಅದೇ ಚಿತ್ರಾನ ಅರ್ಧ ಪುಟಕ್ಕೆ ಹಾಕಿ, ಏನೂ ಕತ್ತರಿಸದೆ.

— ಒಬ್ಬ ಓದುಗ, ಶಿವಮೊಗ್ಗ