‘ಮೈಸೂರಿಗೆ’ ಹೊರಟು ‘ಮೈಸೂರು ಬಿಟ್ಟ’ ಇಂಗ್ಲಿಷ್

ಮಾನ್ಯ ಸಂಪಾದಕರೇ,

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವ ಪತ್ರ, ರಜೆ ಅರ್ಜಿಗಳಲ್ಲಿ ಹೋಗು, ಬರು, ಹೊರಡು, ತಲುಪು ಎಂಬಂಥ ಸುಲಭದ ಕ್ರಿಯಾಪದಗಳೇ ಪದೇ ಪದೇ ಎಡವಿಸುತ್ತವೆ. ಇದು ಮಕ್ಕಳ ದಡ್ಡತನವಲ್ಲ. ನಮ್ಮ ಚತುರ್ಥಿ ವಿಭಕ್ತಿ ಮನೆಗೆ, ಊರಿಗೆ, ಅಲ್ಲಿಗೆ, ಮೇಲಕ್ಕೆ ಎಂದು ಎಲ್ಲ ಕಡೆಯೂ ಸಲ್ಲುತ್ತದೆ. ಹಾಗಾಗಿ ಮಗು ಪ್ರತಿ ‘ಗೆ’ಗೂ ಒಂದು ‘ಟು’ ಸೇರಿಸುತ್ತದೆ. ‘ಗೋ ಟು ಸ್ಕೂಲ್’ ಸರಿ, ‘ಗೋ ಟು ಹೋಮ್’ ತಪ್ಪು. ‘ಗೋ ಹೋಮ್’ ಎಂಬಲ್ಲಿ ‘ಹೋಮ್’ ಕ್ರಿಯಾವಿಶೇಷಣ. ‘ಗೆ’ ಅದರ ಹೊಟ್ಟೆಯಲ್ಲೇ ಇದೆ. ‘ಹಿಯರ್’, ‘ದೇರ್’, ‘ಅಬ್ರಾಡ್’ ಕೂಡ ಹಾಗೆಯೇ. ಯಾರ ಮನೆ ಎಂದು ಹೇಳಿದರೆ ಮಾತ್ರ ‘ಟು’ ಬೇಕು: ‘ವೆಂಟ್ ಟು ಹಿಸ್ ಹೋಮ್’.

‘ರೀಚ್’ಗೂ ‘ಟು’ ಬೇಡ, ‘ರೀಚ್ಡ್ ಹಾಸನ್’ ಸಾಕು. ‘ಅರೈವ್’ ಆದರೆ ಊರಿಗೆ ‘ಇನ್’, ನಿಲ್ದಾಣಕ್ಕೆ ‘ಅಟ್’.

ಅರ್ಥವೇ ತಲೆಕೆಳಗಾಗುವುದು ‘ಲೀವ್’ನಲ್ಲಿ. ‘ಐ ಆಮ್ ಲೀವಿಂಗ್ ಮೈಸೂರು ಆನ್ ಫ್ರೈಡೇ’ ಎಂದರೆ ಶುಕ್ರವಾರ ಮೈಸೂರಿನಿಂದ ಹೊರಡುತ್ತೇನೆ ಎಂದು. ಮೈಸೂರಿಗೆ ಹೊರಡುವುದಾದರೆ ‘ಲೀವಿಂಗ್ ಫಾರ್ ಮೈಸೂರು’ ಎನ್ನಬೇಕು. ‘ಲೀವಿಂಗ್ ಟು’ ಎಂಬುದಂತೂ ಇಲ್ಲವೇ ಇಲ್ಲ. ಅರ್ಜಿಯಲ್ಲಿ ಒಂದು ‘ಫಾರ್’ ಬಿಟ್ಟುಹೋದರೆ ಓದುವವರು ಪ್ರಯಾಣವನ್ನು ತಿರುವುಮುರುವಾಗಿ ತಿಳಿಯುತ್ತಾರೆ.

ಕನ್ನಡವೇ ದಾರಿ ತೋರಿಸುವ ಜಾಗವೂ ಉಂಟು. ‘ದೆಹಲಿಗೆ ಹೋಗಿದ್ದಾರೆ’ ಎಂದರೆ ಇನ್ನೂ ಮರಳಿಲ್ಲ, ಅದು ‘ಹ್ಯಾಸ್ ಗಾನ್ ಟು’. ‘ಹೋಗಿ ಬಂದಿದ್ದಾರೆ’ ಎಂದರೆ ‘ಹ್ಯಾಸ್ ಬೀನ್ ಟು’. ಈ ಜೋಡಿಯನ್ನು ಹೇಳಿಕೊಟ್ಟರೆ ಬೇರೆ ವ್ಯಾಕರಣ ಪಾಠವೇ ಬೇಡ. ಆದರೆ ಹೊರಡುವಾಗ ನಾವು ಹೇಳುವ ‘ಬರ್ತೀನಿ’ ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್’ ಆಗದು, ಕರೆದಾಗ ಕೂಗುವ ‘ಬಂದೆ!’ ಕೂಡ ‘ಐ ಕೇಮ್’ ಅಲ್ಲ, ‘ಐ ಆಮ್ ಕಮಿಂಗ್’.

ಬಸ್ಸನ್ನೂ ಹತ್ತುತ್ತೇವೆ, ಆಟೋವನ್ನೂ ಹತ್ತುತ್ತೇವೆ. ಇಂಗ್ಲಿಷಿನಲ್ಲಿ ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲಿಗೆ ‘ಗೆಟ್ ಆನ್’, ‘ಗೆಟ್ ಆಫ್’. ನುಸುಳಿ ಕೂರುವ ಕಾರು, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ‘ಗೆಟ್ ಡೌನ್’ ನಮ್ಮ ಬೀದಿಗಳಲ್ಲಿ ನಡೆಯುತ್ತದೆ, ಬರವಣಿಗೆಗೆ ಬೇಡ.

ಪತ್ರಿಕೆಗಳ ಶಿಕ್ಷಣ ಪುಟಗಳು ‘ಬಿಟ್ಟ ಸ್ಥಳ ತುಂಬಿ’ ಎಂದು ಒಂಟಿ ಪದ ಕೇಳುವುದರ ಬದಲು ಇಂಥ ಕನ್ನಡ ವಾಕ್ಯಗಳನ್ನು ಕೊಡಲಿ. ಮಕ್ಕಳು ಅದರಲ್ಲಿನ ‘ಗೆ’, ‘ಇಂದ’ಗಳಿಗೆ ಅಡಿಗೆರೆ ಎಳೆದು, ಆಯಾ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ‘ಟು’ ಬೇಕೋ, ‘ಫಾರ್’ ಬೇಕೋ, ಏನೂ ಬೇಡವೋ ಎಂದು ತೀರ್ಮಾನಿಸಿದ ಮೇಲೆ ಇಡೀ ವಾಕ್ಯ ಬರೆಯಲಿ. ದಿನಕ್ಕೆ ಐದು ವಾಕ್ಯ ಸಾಕು.

– ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರು, ಹಾಸನ