ಹಸಿರು ಜಲಜನಕ: ಟನ್ನಿನ ಜೊತೆಗೆ ಯೂನಿಟ್ಟಿನ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಸೌರ, ಪವನದಂಥ ಮೂಲಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಹಸಿರು ಜಲಜನಕದ ವರದಿಗಳಲ್ಲೆಲ್ಲ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಎಂಬ ರಾಷ್ಟ್ರೀಯ ಗುರಿ ಎದ್ದು ಕಾಣುತ್ತದೆ; ಒಂದು ಕಿಲೋ ಜಲಜನಕಕ್ಕೆ ಎಷ್ಟು ಯೂನಿಟ್ ವಿದ್ಯುತ್ ತಗಲುತ್ತದೆ ಎಂಬುದು ಮಾತ್ರ ಎಲ್ಲೂ ಕಾಣಸಿಗುವುದಿಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹಬ್ಬಿರುವ 50 ಮೆಗಾವಾಟ್ ಸೌರಸ್ಥಾವರವನ್ನು ದಿನವೂ ನೋಡುವ ನನಗೆ, ಒಂದೊಂದು ಯೂನಿಟ್ಟಿಗೂ ಎಷ್ಟು ನೆಲ ಬೇಕೆಂಬುದು ಗೊತ್ತು.

ನೀರನ್ನು ಒಡೆಯಲು ತಾತ್ತ್ವಿಕವಾಗಿ 1.23 ವೋಲ್ಟ್ ಸಾಕು. ಬೇಕಾದ ಶಾಖವನ್ನೂ ವಿದ್ಯುತ್ತಿನಿಂದಲೇ ಒದಗಿಸಿದರೆ 1.48 ವೋಲ್ಟ್, ಅಂದರೆ ಕಿಲೋವೊಂದಕ್ಕೆ 39.4 ಯೂನಿಟ್. ಇಂದಿನ ಘಟಕಗಳಿಗೆ 50ರಿಂದ 55 ಯೂನಿಟ್ ಬೇಕು. ಆ ಕಿಲೋವನ್ನು, ಜಲಜನಕವನ್ನು ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ ಕೊಡುವ ಇಂಧನಕೋಶಕ್ಕೆ ಉಣಿಸಿದರೆ ಮರಳಿ ಸಿಗುವುದು 17ರಿಂದ 20 ಯೂನಿಟ್ ಮಾತ್ರ.

ಈ ಸೋರಿಕೆಯ ಒಂದಂಶವನ್ನು ತರಗತಿಯಲ್ಲೇ ತೋರಿಸಬಹುದು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಎರಡು ಉಕ್ಕಿನ ತಂತಿಗಳನ್ನಿಟ್ಟು ಬ್ಯಾಟರಿ ಜೋಡಿಸಿದಾಗ, ಗುಳ್ಳೆಗಳು ತಂತಿಗೆ ಅಂಟಿಕೊಂಡಂತೆ ಅಮ್ಮೀಟರಿನ ಮುಳ್ಳು ಮೆಲ್ಲನೆ ಇಳಿಯುತ್ತದೆ; ತಂತಿಯನ್ನು ತಟ್ಟಿದೊಡನೆ ಮತ್ತೆ ಮೇಲೇರುತ್ತದೆ. ನೀರು ತಾಗಬೇಕಾದ ಲೋಹದ ಮೈಯನ್ನು ಗುಳ್ಳೆ ಮುಚ್ಚಿಬಿಡುವುದೇ ಇದಕ್ಕೆ ಕಾರಣ. ದ್ರಾವಣ ಮತ್ತು ಘಟಕಗಳಲ್ಲಿ ಎರಡು ಅನಿಲಗಳನ್ನು ಬೇರೆಯಾಗಿಡುವ ಪೊರೆ ವಿದ್ಯುತ್ತಿಗೆ ಒಡ್ಡುವ ರೋಧ ಇನ್ನೊಂದು ನಷ್ಟ. ಎಲ್ಲಕ್ಕಿಂತ ದೊಡ್ಡದು ಆಮ್ಲಜನಕದ ಕಡೆಯದು: ನಾಲ್ಕು ಎಲೆಕ್ಟ್ರಾನುಗಳು ಹಂತಹಂತವಾಗಿ ಸಾಗಬೇಕಾದ ಆ ಕ್ರಿಯೆ ಸ್ವಭಾವತಃ ನಿಧಾನ, ಅದನ್ನು ಚುರುಕುಗೊಳಿಸಲು ಹೆಚ್ಚುವರಿ ವೋಲ್ಟೇಜ್ ತೆರಬೇಕು. ಇಂಧನಕೋಶದಲ್ಲಿಯೂ ಅದೇ ಆಮ್ಲಜನಕ ತಡೆಯೊಡ್ಡುವುದರಿಂದ, 1.23 ವೋಲ್ಟ್ ಸಿಗಬೇಕಾದಲ್ಲಿ ಹೊರೆ ಬಿದ್ದಾಗ 0.6-0.7 ವೋಲ್ಟ್ ಉಳಿಯುತ್ತದೆ.

ನೀರೊಡೆಯುವಾಗಿನ ನಷ್ಟ ದಾಟಲಾಗದ ಮಿತಿಯೇನೂ ಅಲ್ಲ. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದವರು, ದೀಪದ ಬತ್ತಿ ಎಣ್ಣೆ ಹೀರುವಂತೆ ದ್ರಾವಣವನ್ನು ವಿದ್ಯುದ್ವಾರಗಳಿಗೆ ಹೀರಿಸಿ, ಗುಳ್ಳೆಯೇ ಏಳದಂತೆ ಮಾಡಿ, ನೀರೊಡೆಯುವ ಕೋಶದ ಮಟ್ಟದಲ್ಲಿ (ಘಟಕದ ಇತರ ಯಂತ್ರಗಳ ಬಳಕೆ ಬಿಟ್ಟು) ಕಿಲೋಗೆ 40.4 ಯೂನಿಟ್ ಸಾಕೆಂದು 2022ರಲ್ಲಿ ತೋರಿಸಿದ್ದಾರೆ. ಪ್ರಯೋಗಾಲಯದ ಈ ಫಲ ಕಾರ್ಖಾನೆಗೆ ಬರಲು ಕಾಲ ಹಿಡಿದೀತು, ಆದರೆ ದಾರಿಯಂತೂ ಕಂಡಿದೆ.

ಆದುದರಿಂದ ಸಾರ್ವಜನಿಕ ಹಣ ಪಡೆಯುವ ಪ್ರತಿಯೊಂದು ಘಟಕವೂ ಕಿಲೋಗೆ ಬಳಸಿದ ಯೂನಿಟ್ಟನ್ನು ವರ್ಷವರ್ಷವೂ ಪ್ರಕಟಿಸುವಂತಾಗಬೇಕು, ಸಹಾಯಧನದ ಪ್ರಮಾಣವೂ ಅದನ್ನೇ ಅವಲಂಬಿಸಿರಬೇಕು. ತಂತಿಯಲ್ಲೇ ತಲುಪಿಸಬಹುದಾದ ವಿದ್ಯುತ್ತನ್ನು ಜಲಜನಕವಾಗಿಸಿ ಮತ್ತೆ ವಿದ್ಯುತ್ತಾಗಿಸುವ ಯೋಜನೆಗಳಿಗಿಂತ ಮೊದಲು, ಜಲಜನಕ ಬಿಟ್ಟರೆ ಗತಿಯಿಲ್ಲದ ರಸಗೊಬ್ಬರ ಕಾರ್ಖಾನೆಗಳಿಗೆ ಅದರ ಪಾಲು ಸಲ್ಲಬೇಕು.

– ಓರ್ವ ವಿಜ್ಞಾನ ಅಧ್ಯಾಪಕ, ಪೈವಳಿಕೆ, ಕಾಸರಗೋಡು ಜಿಲ್ಲೆ