ಕಾರಟಗಿ ದಾಟಿದ ಮೇಲೆ ಸಿಕ್ಕ ಕಾಕಾ ಅವರಿಗೆ

ಕಾಕಾ, ಹೆಸರು ಕೇಳಿದರೆ ನೀವು ಹೇಳಲಿಲ್ಲ. "ಹೆಸರು ತಗೊಂಡು ಏನ್ ಮಾಡ್ತಿ ತಮ್ಮಾ, ಮೊದ್ಲು ಕುಂದ್ರು" ಅಂದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಓದಿ ನಿಮಗೆ ಮುಟ್ಟಿಸಲಿ.

300 ಕಿಲೋಮೀಟರ್ ಬ್ರೆವೆಗೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ತಯಾರಿ ನಡೆಸಿದ್ದೆ. ಅದನ್ನು 20 ಗಂಟೆಯೊಳಗೆ ಮುಗಿಸಬೇಕು. ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲಾ ಅದರಲ್ಲೇ. ಅಭ್ಯಾಸಕ್ಕೆ ಗಂಗಾವತಿಯಿಂದ ಸಿಂಧನೂರು ಕಡೆ ಹೊರಟಿದ್ದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ? ಕಾರಟಗಿ ದಾಟಿದ ಮೇಲೆ ಮೀನಖಂಡ ಹಿಡಿದುಕೊಂಡಿತು. ಪೆಡಲ್ ತುಳಿಯುವುದಿರಲಿ, ಕಾಲು ಊರೋಕೂ ಆಗಲಿಲ್ಲ.

ನೀವು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದಿರಿ. ನನ್ನನ್ನು ನೆರಳಿಗೆ ಕೂರಿಸಿ, ಕಾಲು ಚಾಚಿಸಿ, ಪಾದವನ್ನು ಮೊಣಕಾಲ ಕಡೆಗೆ ನಿಧಾನವಾಗಿ ಒತ್ತಿ ಹಿಡಿದಿರಿ. ಮೀನಖಂಡ ಸಡಿಲವಾಯಿತು. ಆಮೇಲೆ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಿರಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತೆ. ಆಗ ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದು ಅಪಾಯ. ದೂರದ ಸವಾರರು ಓಆರ್‌ಎಸ್ ಇಟ್ಟುಕೊಳ್ಳೋದು ಅದಕ್ಕೇ. ಬಿಸಿಲಲ್ಲಿ ದುಡಿಯುವ ನಿಮಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅದು ನಿಮ್ಮ ಪಾಲಿನ ಊಟ, ಕಾಕಾ. ಅವತ್ತು ಮಧ್ಯಾಹ್ನ ನೀವೇನು ತಿಂದಿರೋ ಅಂತ ಈಗಲೂ ಯೋಚನೆ ಬರುತ್ತೆ.

"ನಾಳೆನೂ ಸುಮ್ನೆ ಮಲ್ಕೋ" ಅಂದಿರಿ. ಹಾಗೇ ಮಾಡಿದೆ. ಅನ್ನ, ಬೇಳೆ, ಮೊಸರು ಹೊಟ್ಟೆ ತುಂಬಾ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ನೋವು ಇಳಿದ ಮೇಲೆ ಹಗುರ ಗೇರಿನಲ್ಲಿ ಸ್ವಲ್ಪ ಸ್ವಲ್ಪವೇ ತುಳಿದೆ. ಈಗ ಕಾಲು ಗಟ್ಟಿಯಾಗಿದೆ. ಭತ್ತದ ಕೊಯ್ಲಿನ ಹೊತ್ತಿಗೆ ಅದೇ ರಸ್ತೆಗೆ ಬರುತ್ತೇನೆ. ಈ ಸಲ ಬುತ್ತಿ ನನ್ನದು.